ವರ್ತನೆಯ ಲೆಕ್ಕ

ಅಮ್ಮನ ಅಡುಗೆಮನೆ ಬಾಗಿಲ ಹಿಂದೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುತ್ತಿತ್ತು. ಅದರ ಮೊಳೆಗೆ ಒಂದು ದಾರ, ದಾರದ ತುದಿಗೆ ಸವೆದು ಸವೆದು ಬೆರಳುದ್ದ ಉಳಿದ ಪೆನ್ಸಿಲ್. ಬೆಳಿಗ್ಗೆ ಹಾಲು ಅಳೆಸಿಕೊಂಡು ಬಂದು, ಪಾತ್ರೆ ಒಲೆಗೆ ಏರುವ ಮೊದಲೇ ಆ ದಿನದ ಚೌಕದಲ್ಲಿ ಒಂದು ಗೀಟು ಬೀಳುತ್ತಿತ್ತು. ಅರ್ಧ ಲೀಟರಿಗೆ ಒಂದು ಗೀಟು, ನೆಂಟರು ಬಂದು ಹೆಚ್ಚಿಗೆ ಹಾಕಿಸಿಕೊಂಡರೆ ಎರಡು, ಹಾಲು ಬರದಿದ್ದರೆ ಸೊನ್ನೆ. ಗ್ಯಾಸ್ ಸಿಲಿಂಡರ್ ಬದಲಾಯಿಸಿದ ದಿನ ಮೂಲೆಯಲ್ಲಿ ‘ಗ್ಯಾ’ ಎಂಬ ಒಂದೇ ಅಕ್ಷರ.

ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಮಾಡುವಾಗ ಹಾಲಿನಾಕೆಗೂ ಅಮ್ಮನಿಗೂ ಸಣ್ಣ ಜಟಾಪಟಿ ಆಗಲೇಬೇಕು.

“ಹದಿನೇಳ್ರಲ್ಲೂ ಹಾಕಿವ್ನಿ ಕಣ್ರವ್ವಾ.”

“ಇಲ್ಲ ಕಣೇ, ಸೊನ್ನೆ ಇದೆ ನೋಡು. ಅವತ್ತು ಮಗಳ ಊರ ಹಬ್ಬಕ್ಕೆ ಹೋಗಿದ್ದೆಯಲ್ಲ!”

ಹಾಲಿನಾಕೆ ಒಂದು ಗಳಿಗೆ ಸುಮ್ಮನಾಗಿ, “ಅಯ್ಯೋ, ಹೌದಲ್ವ್ರಾ” ಎಂದು ನಕ್ಕುಬಿಡುತ್ತಿದ್ದಳು. ಆಕೆ ಸುಳ್ಳು ಹೇಳಿದ್ದಲ್ಲ. ದಿನಾ ಹಾಲು ಹಾಕುವವಳಿಗೆ ಹಾಕದ ಒಂದು ದಿನ ನೆನಪಿನಲ್ಲಿ ನಿಲ್ಲುವುದಿಲ್ಲ. ಆ ಖಾಲಿ ಜಾಗಕ್ಕೂ ಮಿದುಳು ತಾನೇ ಅರ್ಧ ಲೀಟರ್ ಸುರಿದುಬಿಡುತ್ತದೆ.

ಹಳೇ ಮೈಸೂರು ಸೀಮೆಯಲ್ಲಿ ಹೀಗೆ ಒಬ್ಬರಲ್ಲೇ ದಿನಾ ತಪ್ಪದೆ ಹಾಲು ತೆಗೆದುಕೊಳ್ಳುವುದಕ್ಕೆ ‘ವರ್ತನೆ’ ಎನ್ನುತ್ತಾರೆ. ಮನಶ್ಶಾಸ್ತ್ರದ ಕನ್ನಡ ಪುಸ್ತಕಗಳಲ್ಲಿ ಮನುಷ್ಯನ ನಡವಳಿಕೆಗೂ ಇದೇ ಪದ. ದಿನಚರಿ ಬರೆದು ಅಭ್ಯಾಸ ತಿದ್ದಿಕೊಳ್ಳಬಹುದೇ ಎಂದು ಯಾರಾದರೂ ಕೇಳಿದರೆ ನನ್ನ ಕಣ್ಣ ಮುಂದೆ ಬರುವುದು ಆ ಪೆನ್ಸಿಲ್ಲಿನ ತುಂಡು. ಹೊಸ ವರ್ಷಕ್ಕೆ ಉಡುಗೊರೆಯಾಗಿ ಬರುವ ದಪ್ಪ ರಟ್ಟಿನ ಡೈರಿಗಳ ವಿಷಯ ಬೇರೆ. ಅವುಗಳಲ್ಲಿ ಜನವರಿ 9ರ ನಂತರ ಏನಾದರೂ ಬರೆದಿರುವ ಪ್ರತಿಯನ್ನು ನಾನಂತೂ ನೋಡಿಲ್ಲ.

ಎರಡು ವರ್ಷದ ಹಿಂದೆ ಡಾಕ್ಟರೊಬ್ಬರು ನನ್ನ ಸಕ್ಕರೆಯ ರಿಪೋರ್ಟ್ ನೋಡುತ್ತಾ, “ವಾಕಿಂಗ್ ಮಾಡ್ತೀರಾ?” ಎಂದರು.

“ದಿನಾ ಮಾಡ್ತೀನಿ ಡಾಕ್ಟ್ರೇ.”

“ದಿನಾ ಅಂದ್ರೆ ವಾರಕ್ಕೆ ಎಷ್ಟು ದಿನ?”

“ಐದು... ಆರು ದಿನ.”

“ಬರೆದಿಟ್ಟಿದ್ದೀರಾ?” ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಮುಂದಿನ ಪೇಷಂಟನ್ನು ಕರೆದರು. ಮನೆಗೆ ಬಂದು ಅಮ್ಮನ ಹಾಗೆ ಕ್ಯಾಲೆಂಡರಿಗೆ ಪೆನ್ಸಿಲ್ ಕಟ್ಟಿದೆ. ತಿಂಗಳು ಮುಗಿದಾಗ ಎಣಿಸಿದರೆ 30 ದಿನಕ್ಕೆ 11 ಗೀಟು.

ನನ್ನಂಥವರನ್ನು ವಿಜ್ಞಾನ ಮೊದಲೇ ಹಿಡಿದಿತ್ತು. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು, “ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ” ಎನ್ನುತ್ತಿದ್ದ ಒಂದು ಸಣ್ಣ ಗುಂಪನ್ನು ಪರೀಕ್ಷೆಗೆ ಒಳಪಡಿಸಿದರು. ಅವರು ಬಳಸಿದ ಉಪಾಯ ಸೊಗಸಾದದ್ದು. ಹೈಡ್ರೋಜನ್ ಮತ್ತು ಆಮ್ಲಜನಕದ ಭಾರದ ಐಸೋಟೋಪುಗಳಿರುವ ನೀರನ್ನು ಕುಡಿಸುವುದು. ಭಾರದ ಹೈಡ್ರೋಜನ್ ದೇಹದಿಂದ ನೀರಿನ ರೂಪದಲ್ಲಷ್ಟೇ ಹೊರಬೀಳುತ್ತದೆ. ಭಾರದ ಆಮ್ಲಜನಕ ನೀರಿನಲ್ಲೂ ಹೋಗುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡ್‌ನಲ್ಲೂ ಹೋಗುತ್ತದೆ. ಎರಡೂ ಎಷ್ಟೆಷ್ಟು ಬೇಗ ಖಾಲಿಯಾಗುತ್ತವೆ ಎಂಬುದನ್ನು ಮೂತ್ರದಲ್ಲಿ ಅಳೆದು ಕಳೆದರೆ, ದೇಹ ಎಷ್ಟು ಇಂಧನ ಉರಿಸಿತು ಎಂಬ ಲೆಕ್ಕ ಸಿಗುತ್ತದೆ. ನಾಲಿಗೆ ಏನೇ ಹೇಳಲಿ, ಈ ಲೆಕ್ಕ ಬದಲಾಗುವುದಿಲ್ಲ. ಆ ಜನ ತಾವು ತಿಂದದ್ದನ್ನು ಸರಾಸರಿ ಶೇ. 47ರಷ್ಟು ಕಡಿಮೆ ಹೇಳಿದ್ದರು. ಮೈಬಗ್ಗಿಸಿ ಮಾಡಿದ ಕೆಲಸವನ್ನು ಶೇ. 51ರಷ್ಟು ಹೆಚ್ಚಿಸಿ ಹೇಳಿದ್ದರು. ಅವರ ದೇಹದಲ್ಲಿ ಇಂಧನ ಉರಿಯುವ ವೇಗದಲ್ಲಿ ದೋಷವೇನೂ ಇರಲಿಲ್ಲ.

ಇಲ್ಲೊಂದು ತೊಡಕಿದೆ. ಅವರು ತಿಂದದ್ದನ್ನು ಬರೆದೂ ಇಟ್ಟಿದ್ದರು. ಅಂದರೆ ಬರೆದ ಮಾತ್ರಕ್ಕೆ ಲೆಕ್ಕ ಸತ್ಯವಾಗುವುದಿಲ್ಲ. ಹಾಗಾದರೆ ಯಾವಾಗ ಆಗುತ್ತದೆ?

ಇದಕ್ಕೆ ನನಗೆ ಬಹಳ ಇಷ್ಟವಾದ ಪ್ರಯೋಗ 2002ರದ್ದು. ಅಮೆರಿಕದ ಆರ್ಥರ್ ಸ್ಟೋನ್ ಮತ್ತು ಜೊತೆಗಾರರು ದೀರ್ಘಕಾಲದ ನೋವಿನಿಂದ ನರಳುತ್ತಿದ್ದ 80 ಜನರನ್ನು ಆರಿಸಿಕೊಂಡರು. ದಿನಕ್ಕೆ ಮೂರು ಸಲ, ಹೇಳಿದ ಹೊತ್ತಿಗೆ ಸರಿಯಾಗಿ, ನೋವು ಎಷ್ಟಿದೆ ಎಂದು ಬರೆಯಬೇಕು. ಅರ್ಧದಷ್ಟು ಜನರಿಗೆ ಅಂಗೈಯಗಲದ ಎಲೆಕ್ಟ್ರಾನಿಕ್ ಸಾಧನ, ಉಳಿದವರಿಗೆ ಕಾಗದದ ಡೈರಿ. ಆ ಡೈರಿಯ ಬೈಂಡರಿನೊಳಗೆ ಬೆಳಕು ಬಿದ್ದರೆ ಗುರುತಿಸುವ ಒಂದು ಪುಟ್ಟ ಸೆನ್ಸರ್ ಅಡಗಿತ್ತು. ಬೈಂಡರ್ ಯಾವಾಗ ತೆರೆಯಿತು, ಯಾವಾಗ ಮುಚ್ಚಿತು ಎಂದು ಅದು ಸದ್ದಿಲ್ಲದೆ ದಾಖಲಿಸುತ್ತಿತ್ತು. ರೋಗಿಗಳಿಗೆ ಇದು ಗೊತ್ತಿರಲಿಲ್ಲ.

ಕಾಗದದ ಡೈರಿಗಳು ವಾಪಸ್ ಬಂದಾಗ ನೋಡಿದರೆ ಶೇ. 90ರಷ್ಟು ನಮೂದುಗಳ ಪಕ್ಕದಲ್ಲಿ ಸರಿಯಾದ ಹೊತ್ತು ಬರೆದಿತ್ತು. ಸೆನ್ಸರ್ ಹೇಳಿದ್ದು ಬೇರೆ ಕಥೆ. ನಿಜವಾಗಿ ಹೊತ್ತಿಗೆ ಸರಿಯಾಗಿ ಬರೆದದ್ದು ಶೇ. 11 ಮಾತ್ರ. ಶೇ. 32ರಷ್ಟು ದಿನಗಳಲ್ಲಿ ಬೈಂಡರನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಆದರೂ ಆ ದಿನಗಳ ಪುಟಗಳು ಭರ್ತಿಯಾಗಿದ್ದವು, ಮುದ್ದಾದ ಅಕ್ಷರದಲ್ಲೇ ಇದ್ದಿರಬೇಕು! ಎಲೆಕ್ಟ್ರಾನಿಕ್ ಸಾಧನ ಹೊತ್ತು ಮೀರಿದರೆ ನಮೂದು ತೆಗೆದುಕೊಳ್ಳುತ್ತಿರಲಿಲ್ಲ. ಅದನ್ನು ಹಿಡಿದವರು ಶೇ. 94ರಷ್ಟು ಸಲ ಸರಿಯಾಗಿ ಬರೆದರು.

ಓದುತ್ತಾ ನನಗೆ ನಗು ಬಂದದ್ದು ಬೇರೆ ಕಾರಣಕ್ಕೆ. ಏಳನೇ ಕ್ಲಾಸಿನ ಬೇಸಿಗೆ ರಜೆಯಲ್ಲಿ ನಮ್ಮ ಮೇಷ್ಟ್ರು ದಿನಕ್ಕೊಂದು ಪುಟ ಕಾಪಿ ಬರಹ, ಜೊತೆಗೆ ನಾಲ್ಕು ಸಾಲು ದಿನಚರಿ ಎಂದು ವಿಧಿಸಿದ್ದರು. ಸ್ಕೂಲು ತೆರೆಯುವ ಹಿಂದಿನ ರಾತ್ರಿ ನಾವು ಅಣ್ಣ ತಮ್ಮ ಇಬ್ಬರೂ ಕೂತು ಇಡೀ ರಜೆಯನ್ನು ಬರೆದು ಮುಗಿಸಿದೆವು. ಶಾಯಿ ಬೇರೆ ಬೇರೆ ಕಾಣಲಿ ಎಂದು ನಡುನಡುವೆ ಪೆನ್ನು ಬದಲಾಯಿಸಿದೆವು. ಏಪ್ರಿಲ್ 22ರಂದು ಮಳೆ ಬಂತೆಂದು ನಾನು ಬರೆದಿದ್ದೆ, ಅಣ್ಣನ ಪುಸ್ತಕದಲ್ಲಿ ಅವತ್ತು ಉರಿಬಿಸಿಲು. ಮೇಷ್ಟ್ರಿಗೆ ಸೆನ್ಸರ್ ಬೇಕಾಗಲಿಲ್ಲ.

ಅಂದರೆ ದಿನಚರಿ ಕೆಲಸದ ಹತ್ತಿರವೇ ಇರಬೇಕು, ಕೆಲಸ ಆದ ಕೂಡಲೇ ಗೀಟು ಬೀಳಬೇಕು. ಅಮ್ಮ ರಾತ್ರಿ ಮಲಗುವಾಗ ಹಾಲಿನ ಲೆಕ್ಕ ನೆನೆಸಿಕೊಳ್ಳುತ್ತಿರಲಿಲ್ಲ. ಪಾತ್ರೆ ಕೈಯಲ್ಲಿರುವಾಗಲೇ ಗೀಟು ಹಾಕುತ್ತಿದ್ದಳು. ಚಾರ್ಲ್ಸ್ ಡಾರ್ವಿನ್ ತನ್ನ ಆತ್ಮಕಥೆಯಲ್ಲಿ ಇದಕ್ಕೆ ಇನ್ನೊಂದು ಮುಖ ತೋರಿಸಿದ್ದಾನೆ. ತನ್ನ ನಿರ್ಣಯಕ್ಕೆ ವಿರುದ್ಧವಾದ ಸಂಗತಿ ಎದುರಾದರೆ ಆತ ಅದನ್ನು ತಡಮಾಡದೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ಅನುಕೂಲವಾದ ಸಂಗತಿಗಳಿಗಿಂತ ಅನನುಕೂಲವಾದವು ಬೇಗ ಮರೆತುಹೋಗುತ್ತವೆ ಎಂಬುದು ಅನುಭವದಿಂದ ಅವನಿಗೆ ಗೊತ್ತಾಗಿತ್ತು. ನಡೆಯದೆ ಉಳಿದ 19 ದಿನ ನನ್ನ ತಲೆಯಿಂದ ಜಾರಿಹೋದದ್ದೂ ಹೀಗೆಯೇ.

ಇನ್ನು ಅಭ್ಯಾಸವೆಂದರೇನು ಎಂಬ ಪ್ರಶ್ನೆ. ಮಿದುಳಿನ ಆಳದಲ್ಲಿ ಸ್ಟ್ರಯೇಟಮ್ ಎಂಬ ಭಾಗವಿದೆ. ಎಂಐಟಿಯ ಆ್ಯನ್ ಗ್ರೇಬಿಯಲ್ ಇಲಿಗಳನ್ನು ‘ಟಿ’ ಆಕಾರದ ಓಣಿಯಲ್ಲಿ ಓಡಿಸಿ, ತುದಿಯಲ್ಲಿ ಚಾಕೊಲೇಟಿನ ಆಸೆ ತೋರಿಸಿ, ಆ ಭಾಗದ ನರಕೋಶಗಳನ್ನು ಆಲಿಸಿದರು. ಮೊದಮೊದಲು ಓಣಿಯುದ್ದಕ್ಕೂ ನರಕೋಶಗಳ ಗಲಾಟೆ. ದಾರಿ ರೂಢಿಯಾದ ಮೇಲೆ ನಡುವಿನ ಗಲಾಟೆ ತಗ್ಗಿ, ಹೊರಡುವಾಗ ಒಮ್ಮೆ ಮತ್ತು ಮುಟ್ಟಿದಾಗ ಒಮ್ಮೆ ಮಾತ್ರ ಅವು ಸಿಡಿಯುತ್ತಿದ್ದವು. ಇಡೀ ಓಟ ಒಂದೇ ಗಂಟಾಗಿ ಕಟ್ಟಿಕೊಂಡಿತ್ತು. ಎಳೆ ಸಿಕ್ಕರೆ ಸಾಕು, ಗಂಟು ತಾನೇ ಬಿಚ್ಚಿಕೊಳ್ಳುತ್ತದೆ. ಕಾಫಿ ಲೋಟ ಕೈಗೆ ಬಂದ ಕೂಡಲೇ ಇನ್ನೊಂದು ಕೈ ಮೊಬೈಲ್ ಹುಡುಕುವುದು ಇಂಥ ಗಂಟೇ. ಹೀಗೆ ತಾನೇ ಬಿಚ್ಚಿಕೊಳ್ಳುವುದರಿಂದಲೇ ಅದು ನಮ್ಮ ಗಮನಕ್ಕೆ ಬರುವುದಿಲ್ಲ. ಗಮನಕ್ಕೆ ಬಾರದ್ದು ನೆನಪಿನಲ್ಲೂ ಉಳಿಯುವುದಿಲ್ಲ. ಗೀಟು ಹಾಕುವ ಕೆಲಸ ಆ ಗಂಟಿನ ತುದಿಯಲ್ಲಿ ನಮ್ಮನ್ನು ಒಂದು ಕ್ಷಣ ನಿಲ್ಲಿಸುತ್ತದೆ.

ಹೊಸ ಗಂಟು ಕಟ್ಟಿಕೊಳ್ಳಲು ಎಷ್ಟು ದಿನ ಬೇಕು? ಎಲ್ಲರ ಬಾಯಲ್ಲೂ 21 ದಿನ. ಅದು ಬಂದದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಿಂದ. ತಿದ್ದಿದ ಮುಖವನ್ನು ಕನ್ನಡಿಯಲ್ಲಿ ಕಂಡು ಒಗ್ಗಿಕೊಳ್ಳಲು ರೋಗಿಗಳಿಗೆ ಕನಿಷ್ಠ ಮೂರು ವಾರ ಹಿಡಿಯುತ್ತದೆ ಎಂದು ಆತ ಗಮನಿಸಿದ್ದ. ‘ಕನಿಷ್ಠ’ ಕಾಲಕ್ರಮೇಣ ಬಿದ್ದುಹೋಯಿತು, ಮೂಗಿನ ಶಸ್ತ್ರಚಿಕಿತ್ಸೆಯೂ ಬಿದ್ದುಹೋಯಿತು, 21 ಮಾತ್ರ ಉಳಿಯಿತು.

ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ. 96 ಜನ, 12 ವಾರ. ಪ್ರತಿಯೊಬ್ಬರೂ ಊಟಕ್ಕೋ ಕುಡಿಯುವುದಕ್ಕೋ ವ್ಯಾಯಾಮಕ್ಕೋ ಸೇರಿದ ಒಂದು ಸಣ್ಣ ಕೆಲಸವನ್ನು ‘ತಿಂಡಿ ಆದ ಮೇಲೆ’ ಎಂಬಂಥ ಒಂದೇ ಸಂದರ್ಭಕ್ಕೆ ಕಟ್ಟಿ, ಮಾಡಿದೆನೋ ಇಲ್ಲವೋ ಎಂದು ದಿನಾ ದಾಖಲಿಸಿದರು. ಕೆಲಸ ಯೋಚಿಸದೆ ಆಗುವ ಮಟ್ಟ ಮುಟ್ಟಲು ಹಿಡಿದ ಮಧ್ಯಮ ಅವಧಿ 66 ದಿನ. ಒಬ್ಬರಿಗೆ 18, ಇನ್ನೊಬ್ಬರಿಗೆ 254. ಈ 254ನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಹೇಳದ ಒಂದು ವಿಷಯವಿದೆ. ಅಧ್ಯಯನ ನಡೆದದ್ದೇ 84 ದಿನ. ಅದರಾಚೆಗಿನ ಅಂಕಿಗಳು ಗ್ರಾಫಿನ ಗೆರೆಯನ್ನು ಮುಂದಕ್ಕೆ ಎಳೆದು ಅಂದಾಜಿಸಿದವು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ ಅಧ್ಯಯನದ ಇನ್ನೊಂದು ಸಾಲು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕಟ್ಟಿಕೊಳ್ಳುವುದಕ್ಕೆ ಹೇಳಿಕೊಳ್ಳುವಂಥ ಧಕ್ಕೆ ಆಗುವುದಿಲ್ಲ. ಹಾಲಿನ ಲೆಕ್ಕದಲ್ಲಿ ಸೊನ್ನೆ ಬಿದ್ದರೆ ಯಾರಾದರೂ ಕ್ಯಾಲೆಂಡರ್ ಹರಿದುಹಾಕುತ್ತಾರೆಯೇ? ವ್ರತಭಂಗವಾಯಿತೆಂದು ಡೈರಿ ಮುಚ್ಚಿಡುವವರೇ ಹೆಚ್ಚು.

ನನ್ನ 19 ಸೊನ್ನೆಗಳ ಕಡೆಗೆ ಬರುತ್ತೇನೆ. ತಡೆದದ್ದು ಮಳೆ ಎಂದೇ ನಂಬಿದ್ದೆ. ಚೌಕಗಳನ್ನು ನೋಡಿದರೆ 13 ಸೊನ್ನೆಗಳು ದಿನ ಬಿಟ್ಟು ದಿನ ಬಿದ್ದಿದ್ದವು. ಅದು ನಮ್ಮ ಬೀದಿಗೆ ಕಾವೇರಿ ನೀರು ಬರುವ ದಿನ. ಬೆಳಿಗ್ಗೆ ಐದೂವರೆಗೆ ಎದ್ದು ಸಂಪು ತುಂಬಿತೇ ಎಂದು ಟಾರ್ಚ್ ಬಿಟ್ಟು ನೋಡಿ, ಮೋಟರ್ ಹಾಕಿ, ಟ್ಯಾಂಕ್ ತುಂಬಿ ಸುರಿಯುವ ಮುನ್ನ ಆರಿಸುವಷ್ಟರಲ್ಲಿ ವಾಕಿಂಗಿನ ಹೊತ್ತು ಮುಗಿದಿರುತ್ತಿತ್ತು. ಎಷ್ಟೋ ವರ್ಷ ಅದೇ ಮನೆಯಲ್ಲಿದ್ದೂ ನನಗಿದು ಹೊಳೆದಿರಲಿಲ್ಲ. ನನ್ನದು ಸೋಮಾರಿತನ ಎಂದುಕೊಂಡು ಆಗಾಗ ಬೈದುಕೊಳ್ಳುತ್ತಿದ್ದೆ.

ಕಾರಣ ಸಿಕ್ಕ ಮೇಲೆ ಮದ್ದು ಸುಲಭ. ಪೀಟರ್ ಗಾಲ್ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞ ದಶಕಗಟ್ಟಲೆ ಬೆನ್ನು ಹತ್ತಿದ್ದು ಇದನ್ನೇ. ‘ವ್ಯಾಯಾಮ ಮಾಡಬೇಕು’ ಎಂಬ ಸಂಕಲ್ಪ ಸಾಲದು. ‘ಇಂಥದ್ದು ಆದರೆ ಇಂಥದ್ದು ಮಾಡುವೆ’ ಎಂಬ ಕಟ್ಟು ಬೇಕು. 2002ರಲ್ಲಿ ಇಂಗ್ಲೆಂಡಿನ 248 ವಿದ್ಯಾರ್ಥಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಸುಮ್ಮನೆ ಬಿಟ್ಟವರಲ್ಲಿ ಶೇ. 38 ಜನ ವ್ಯಾಯಾಮ ಮಾಡಿದರು. ಹೃದ್ರೋಗದ ಬಗ್ಗೆ ಮನಮುಟ್ಟುವ ಹಾಗೆ ಓದಿಸಿದವರಲ್ಲಿ ಶೇ. 35. ಅದನ್ನೇ ಓದಿ, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ ಮಾಡುತ್ತೇನೆಂದು ಬರೆದುಕೊಟ್ಟವರಲ್ಲಿ ಶೇ. 91. ಉಪದೇಶದಿಂದ ಏನೂ ಆಗಲಿಲ್ಲ, ಒಂದು ಸಾಲು ಬರೆದದ್ದರಿಂದ ಆಯಿತು. ನಾನು ಕ್ಯಾಲೆಂಡರಿನ ತಲೆಯ ಮೇಲೆ ಬರೆದೆ: ‘ನೀರು ಬರುವ ದಿನವಾದರೆ, ಸಂಜೆ ಮೂರು ಸ್ಟಾಪ್ ಮೊದಲೇ ಬಸ್ ಇಳಿಯುವುದು.’

ಬರೆದಿಡುವುದರಿಂದ ನಿಜಕ್ಕೂ ಫಲ ಬರುತ್ತದೆಯೇ ಎಂಬುದಕ್ಕೆ ಒಂದೆರಡು ದೊಡ್ಡ ಅಂಕಿಗಳೂ ಇವೆ. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಸುಮಾರು 1,700 ಜನ ಆರು ತಿಂಗಳು ತೂಕ ಇಳಿಸುವ ಕಾರ್ಯಕ್ರಮದಲ್ಲಿದ್ದರು. ತಿಂದದ್ದನ್ನು ದಿನಾ ಬರೆದವರ ತೂಕ, ಬರೆಯದವರಿಗಿಂತ ಸುಮಾರು ಎರಡು ಪಟ್ಟು ಇಳಿದಿತ್ತು. ಬರೆಯುವವರು ಮೊದಲೇ ಶಿಸ್ತಿನವರಿರಬಹುದಲ್ಲ ಎಂದು ನೀವು ಕೇಳಿದರೆ, ಸರಿಯಾದ ಪ್ರಶ್ನೆ. ಅದನ್ನು ನಿಭಾಯಿಸಿದ್ದು 2016ರ ಒಂದು ವಿಶ್ಲೇಷಣೆ. ಜನರನ್ನು ಗುಂಪು ಮಾಡಿ, ಒಂದು ಗುಂಪಿಗೆ ತಮ್ಮ ಪ್ರಗತಿ ಗಮನಿಸಲು ಹೇಳಿ, ಇನ್ನೊಂದಕ್ಕೆ ಹೇಳದೆ ಬಿಟ್ಟ 138 ಪ್ರಯೋಗಗಳನ್ನು, ಸುಮಾರು 20,000 ಜನರನ್ನು ಅದು ಒಟ್ಟುಗೂಡಿಸಿತು. ಗಮನಿಸಿದವರು ಗುರಿಗೆ ಹತ್ತಿರ ಹೋದರು. ಲೆಕ್ಕ ತಲೆಯಲ್ಲಿ ಇಟ್ಟುಕೊಳ್ಳದೆ ಬರೆದಿಟ್ಟಾಗ, ಇನ್ನೊಬ್ಬರ ಕಣ್ಣಿಗೆ ಬೀಳುವಂತಿದ್ದಾಗ ಫಲ ಹೆಚ್ಚು. ಅಡುಗೆಮನೆ ಬಾಗಿಲು ಈ ಎರಡಕ್ಕೂ ಒಳ್ಳೆಯ ಜಾಗ.

ಈ ವಿಜ್ಞಾನವೆಲ್ಲ ಹುಟ್ಟುವ ಎಷ್ಟೋ ಮೊದಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡವನು ಬೆಂಜಮಿನ್ ಫ್ರಾಂಕ್ಲಿನ್. ಮಿಂಚಿಗೂ ಗಾಳಿಪಟಕ್ಕೂ ಹೆಸರಾದ ಅದೇ ಫ್ರಾಂಕ್ಲಿನ್. ಮಿತಾಹಾರ, ಮೌನ, ಅಚ್ಚುಕಟ್ಟು ಎಂದು 13 ಗುಣಗಳನ್ನು ಪಟ್ಟಿ ಮಾಡಿ, ಪುಟ್ಟ ಪುಸ್ತಕವೊಂದರಲ್ಲಿ ಗುಣಕ್ಕೊಂದು ಪುಟ ಮೀಸಲಿಟ್ಟ. ಕೆಂಪು ಶಾಯಿಯಲ್ಲಿ ವಾರದ ಏಳು ದಿನಕ್ಕೆ ಏಳು ಅಂಕಣ, ಅಡ್ಡಕ್ಕೆ 13 ಸಾಲು. ತಪ್ಪಿದಾಗಲೆಲ್ಲ ಒಂದು ಕಪ್ಪು ಚುಕ್ಕೆ. ಹದಿಮೂರನ್ನೂ ಒಟ್ಟಿಗೆ ಹಿಡಿಯಲು ಹೋಗದೆ ವಾರಕ್ಕೊಂದರ ಮೇಲೆ ಗಮನ ಇಟ್ಟ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಹೊಸ ಸುತ್ತಿಗೆ ಹಳೆಯ ಚುಕ್ಕೆಗಳನ್ನು ಕೆರೆದು ತೆಗೆಯಬೇಕಲ್ಲ, ಕೆರೆದೂ ಕೆರೆದೂ ಕಾಗದ ತೂತುಬಿತ್ತು. ಆಮೇಲೆ ದಂತದ ಹಾಳೆಗಳ ಮೇಲೆ ಗೆರೆ ಎಳೆಸಿ, ಸೀಸದ ಕಡ್ಡಿಯಲ್ಲಿ ಚುಕ್ಕೆ ಇಟ್ಟು, ಒದ್ದೆ ಸ್ಪಂಜಿನಿಂದ ಒರೆಸುತ್ತಿದ್ದ. ತಾನು ಎಣಿಸಿದ್ದಕ್ಕಿಂತ ತನ್ನಲ್ಲಿ ದೋಷಗಳು ಬಹಳ ಇದ್ದವು ಎಂದು ಒಪ್ಪಿಕೊಂಡಿದ್ದಾನೆ. ಅಚ್ಚುಕಟ್ಟು ಅವನಿಗೆ ಕೊನೆಯವರೆಗೂ ಒಲಿಯಲಿಲ್ಲ. ಕೆಲವು ವರ್ಷಗಳ ಮೇಲೆ ಸುತ್ತುಗಳು ವಿರಳವಾಗಿ, ಕಡೆಗೆ ನಿಂತೇಹೋದವು. ಪುಸ್ತಕ ಮಾತ್ರ ಸದಾ ಅವನ ಜೊತೆಗಿತ್ತು. ಆ ತೂತುಗಳ ಮೇಲೆ ನನಗೆ ಗೌರವ. ಗುಣಗಳ ಪಟ್ಟಿ ಯಾರು ಬೇಕಾದರೂ ಮಾಡಬಹುದು, ಕಾಗದ ತೂತುಬೀಳುವಷ್ಟು ಸಲ ಅದಕ್ಕೆ ಮರಳಿ ಬಂದವರು ಕಡಿಮೆ.

ಇಷ್ಟೂ ಹೊತ್ತು ಗೀಟಿನ ಮಾತಾಯಿತು. ಮನಸ್ಸಿನ ಭಾರ ಇಳಿಸಲು ಪುಟಗಟ್ಟಲೆ ಬರೆಯುವ ದಿನಚರಿ? 1986ರಲ್ಲಿ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 46 ಕಾಲೇಜು ವಿದ್ಯಾರ್ಥಿಗಳನ್ನು ನಾಲ್ಕು ರಾತ್ರಿ, ತಲಾ 15 ನಿಮಿಷ ಬರೆಯಲು ಕೂರಿಸಿದ. ಕೆಲವರು ಬದುಕಿನ ದೊಡ್ಡ ಆಘಾತದ ಬಗ್ಗೆ, ಕೆಲವರು ಯಾವುದೋ ಕ್ಷುಲ್ಲಕ ವಿಷಯದ ಬಗ್ಗೆ. ಆಘಾತವನ್ನೂ ಅದರ ಜೊತೆಗಿನ ಭಾವನೆಯನ್ನೂ ಬರೆದವರಿಗೆ ಬರೆದ ತಕ್ಷಣ ದುಃಖ ಹೆಚ್ಚಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಕಾಲೇಜಿನ ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತಿದ್ದು ಕಡಿಮೆ. ಮುಂದೆ ಇಂಥ ಬರಹಗಳಲ್ಲಿ ಪದಗಳನ್ನು ಎಣಿಸಿದಾಗ ಇನ್ನೊಂದು ಸಂಗತಿ ಸಿಕ್ಕಿತು. ‘ಯಾಕೆಂದರೆ’, ‘ಈಗ ಅರ್ಥವಾಗುತ್ತಿದೆ’ ಎಂಬಂಥ ಮಾತುಗಳು ದಿನದಿಂದ ದಿನಕ್ಕೆ ಹೆಚ್ಚಿದವರಿಗೇ ಲಾಭ ಹೆಚ್ಚು.

ಇದನ್ನು ಹಿಡಿದುಕೊಂಡು ಬರಹವೇ ಸಂಜೀವಿನಿ ಎಂದು ಸಾರುವವರಿದ್ದಾರೆ. 2006ರಲ್ಲಿ 146 ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಲಾಭ ಇತ್ತು, ಆದರೆ ಸಣ್ಣದು. ಎಲ್ಲರಿಗೂ ಒಗ್ಗುವ ಮದ್ದೂ ಇದಲ್ಲ. ಅರಿಜೋನಾ ವಿಶ್ವವಿದ್ಯಾಲಯದ ಡೇವಿಡ್ ಸ್ಬಾರಾ ಇತ್ತೀಚೆಗಷ್ಟೇ ದಾಂಪತ್ಯ ಮುರಿದುಕೊಂಡಿದ್ದ 90 ಜನರಿಗೆ ಇಂಥದೇ ಬರಹ ಕೊಟ್ಟ. ಆದದ್ದನ್ನೇ ಮೆಲುಕು ಹಾಕುತ್ತಾ, ಅದಕ್ಕೊಂದು ಅರ್ಥ ಹುಡುಕುತ್ತಾ ಕೂರುವ ಸ್ವಭಾವದವರು ಭಾವನೆ ತೋಡಿಕೊಂಡು ಬರೆದಾಗ, ತಿಂಗಳುಗಳ ನಂತರ ಹೆಚ್ಚು ಕುಗ್ಗಿದ್ದರು. ಅಂಥವರಲ್ಲೇ ಚೇತರಿಸಿಕೊಂಡವರು ಯಾರು? ದಿನ ಹೇಗೆ ಕಳೆಯಿತೆಂದು ಭಾವನೆಯ ಸೋಂಕಿಲ್ಲದೆ ಒಣಒಣವಾಗಿ ಬರೆಯಲು ಹೇಳಿಸಿಕೊಂಡವರು. ಹೋಲಿಕೆಗೆಂದು ಇಟ್ಟಿದ್ದ ಗುಂಪು ಅದು! ‘ಎದ್ದೆ, ಹಲ್ಲುಜ್ಜಿದೆ, ತಿಂಡಿ ತಿಂದೆ’ ಎಂಬ ನಮ್ಮ ಏಳನೇ ಕ್ಲಾಸಿನ ಶೈಲಿಗೆ ಕಡೆಗೂ ಒಂದು ಸಮರ್ಥನೆ ಸಿಕ್ಕಿತು. ನೀವು ಒಂದೇ ನೋವನ್ನು ಹತ್ತು ದಿನ ಹತ್ತು ಪುಟ ಬರೆದು ಇನ್ನಷ್ಟು ಕುಸಿಯುತ್ತಿದ್ದರೆ ಪೆನ್ನು ಕೆಳಗಿಡಿ, ಮನುಷ್ಯರೊಬ್ಬರ ಹತ್ತಿರ ಮಾತಾಡಿ.

ನಿದ್ದೆ ಬಾರದವರಿಗೆ ಒಂದು ಸಣ್ಣ ಉಪಯೋಗ. ಟೆಕ್ಸಾಸಿನ ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಯುವಜನರನ್ನು ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಲಗಿಸಿದರು. ನಾಳೆಯ ಕೆಲಸಗಳನ್ನು ಐದು ನಿಮಿಷ ಪಟ್ಟಿ ಮಾಡಿದವರು, ಮಾಡಿ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಮೊದಲೇ ನಿದ್ದೆಗೆ ಜಾರಿದರು. ಪಟ್ಟಿ ವಿವರವಾಗಿದ್ದಷ್ಟೂ ನಿದ್ದೆ ಬೇಗ.

ನನ್ನ ಕ್ಯಾಲೆಂಡರಿಗೆ ಇದು ಎರಡನೇ ವರ್ಷ. ಎರಡನೇ ತಿಂಗಳಲ್ಲಿ 11 ಗೀಟು 16ಕ್ಕೆ ಏರಿತ್ತು, ಮನೆ ಬಣ್ಣ ಹೊಡೆಸಿದ ತಿಂಗಳು 9ಕ್ಕೆ ಇಳಿದಿತ್ತು. ಆಮೇಲೆ ನಿಧಾನಕ್ಕೆ ಇಪ್ಪತ್ತರ ಆಸುಪಾಸಿಗೆ ಬಂದು ನಿಂತಿದೆ. ಡಾಕ್ಟರ್ ಈಗ ‘ದಿನಾನಾ?’ ಎಂದು ಕೇಳುವುದಿಲ್ಲ, ಮೊಬೈಲಿನಲ್ಲಿ ತೆಗೆದ ಕ್ಯಾಲೆಂಡರಿನ ಫೋಟೋ ನೋಡುತ್ತಾರೆ. ಈ ತಿಂಗಳು 19 ದಿನ ಕಳೆದಿವೆ, 14 ಗೀಟುಗಳಿವೆ. ಇವತ್ತಿನ ಚೌಕ ಇನ್ನೂ ಖಾಲಿ. ಬೆಳಿಗ್ಗೆ ನೀರು ಬಂದಿತ್ತು, ಸಂಜೆ ಮೂರು ಸ್ಟಾಪ್ ಮೊದಲೇ ಇಳಿಯಬೇಕು.